ಬಾಗಿಲ ಮಂಚ

ಆ ಆಸ್ಪತ್ರೆ ಹುಟ್ಟಿದ್ದು ಕುದುರೆ ಲಾಯದಲ್ಲಿ. ನಾಲ್ವರು ಕನ್ಯಾಸ್ತ್ರೀಯರು ಲಾಯ ಗುಡಿಸಿ, ಸುಣ್ಣ ಬಳಿದು, ಇದ್ದ ಒಂದೇ ಮಂಚವನ್ನು ಬಾಗಿಲ ಪಕ್ಕ ಹಾಕಿದರಂತೆ. ಹಾಕಿ ಒಂದು ಕಟ್ಟಳೆ ಮಾಡಿದರಂತೆ: ಈ ಮಂಚ ಯಾರೂ ಇಲ್ಲದವರಿಗೆ. ಆಮೇಲೆ ದೇವರು ಕಣ್ಣು ಬಿಟ್ಟ, ಜನ ಕೈ ನೀಡಿದರು. ಲಾಯ ಹೋಗಿ ಮಹಡಿ ಬಂತು, ಒಂದಿದ್ದದ್ದು ಆರು ಊರಲ್ಲಿ ಆರು ಆಸ್ಪತ್ರೆಯಾಯಿತು. ಎಲ್ಲ ಕಡೆಯೂ ಬಾಗಿಲ ಪಕ್ಕ ಒಂದು ಮಂಚ. ರೋಗಿಗಳು ಜಗಲಿಯ ಮೇಲೆ ಮಲಗಿದ್ದರೂ ಅದು ಮಾತ್ರ ಖಾಲಿ. ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಇವರಿಗೆ ಯಾರಿದ್ದಾರೆ?" "ಯಾರೂ ಇಲ್ಲ" ಎಂದು ಕರೆತಂದವರು ಹೇಳಿದರೆ ಮುಗಿಯಿತು. ಸಾಕ್ಷಿ ಬೇಡ, ಕಾಗದ ಬೇಡ. ದೇವರ ಹೊಸ್ತಿಲಲ್ಲಿ ನಿಂತು ಸುಳ್ಳು ಯಾರು ಹೇಳುತ್ತಾರೆ ಎಂಬ ನಂಬಿಕೆ.

ಮೊದಲಿನ ಆ ಆಸ್ಪತ್ರೆಯಲ್ಲಿ ಬಾಗಿಲ ಮಂಚವನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಆಯಾ. ಎಲ್ಲರ ಬಾಯಲ್ಲೂ ಅವಳು ಆಯಮ್ಮ. ಮದುವೆಯಾದ ವರ್ಷವೇ ಗಂಡ ತೀರಿಕೊಂಡ ಮೇಲೆ ಅವಳಿಗೆ ಸಂಸಾರವೆಂದರೆ ಆ ಮಂಚವೇ. ಅದರ ಮೇಲೆ ಸತ್ತವರ ಮೈ ತೊಳೆದು, ತಲೆ ಬಾಚಿ, ಹಿತ್ತಲ ಸ್ಮಶಾನದವರೆಗೂ ಹಿಂದೆ ಹೋಗಿ ಬರುತ್ತಿದ್ದಳು.

"ಹೆತ್ತಿಲ್ಲ ಹೊತ್ತಿಲ್ಲ, ನಿನಗ್ಯಾಕೆ ಇಷ್ಟು ಸಂಕಟ?" ಎಂದು ಕಸ ಗುಡಿಸುವವಳು ಕೆಣಕಿದರೆ, "ಹೊತ್ತಿದ್ದು ನೋಡಿಲ್ವೇನೇ? ಇಡೀ ವಾರ್ಡಿನ ಬೆಡ್‌ಪ್ಯಾನು ಹೊತ್ತಿದ್ದೀನಿ" ಎನ್ನುತ್ತಿದ್ದಳು.

ಕಾಲ ಸರಿಯಿತು. ಕನ್ಯಾಸ್ತ್ರೀಯರು ಮುದುಕಿಯರಾದರು, ಹೊಸಬರು ಬರಲಿಲ್ಲ. ಆರೂ ಆಸ್ಪತ್ರೆಗಳನ್ನು ಸೇರಿಸಿ ಒಂದು ದೊಡ್ಡ ಕಚೇರಿ ಮಾಡಿದರು, ಕಚೇರಿಗೊಬ್ಬ ಮ್ಯಾನೇಜರ್ ಬಂದ. ಬಂಧುಬಳಗ ಇದ್ದವರೇ ಸುಳ್ಳು ಹೇಳಿ ಮಲಗುತ್ತಾರೆಂದು ಅವನು ಐದು ಊರುಗಳಲ್ಲಿ ಬಾಗಿಲ ಮಂಚ ತೆಗೆಸಿದ. ಇಲ್ಲಿ ಮಾತ್ರ ಕನ್ಯಾಸ್ತ್ರೀಯರ ಹಿರಿಯರಾದ ಮದರ್ ಪಟ್ಟು ಬಿಡಲಿಲ್ಲ.

"ನನ್ನ ಹೊಸ್ತಿಲಲ್ಲಿ ಒಬ್ಬರೇ ಒಬ್ಬರು ಸುಳ್ಳು ಹೇಳಿದ್ದು ತೋರಿಸಪ್ಪ, ಆವತ್ತೇ ಎತ್ತಿಸ್ತೀನಿ" ಎಂದರು.

ಹೀಗಿರುವಾಗ ಆಯಮ್ಮನ ತಮ್ಮ ಬಂದ. ಊರೂರು ಸುತ್ತಿ ಚಾಕು, ಕತ್ತರಿಗೆ ಸಾಣೆ ಹಿಡಿಯುವವನು. ಕಲ್ಲಿನ ಧೂಳು ಕುಡಿದೂ ಕುಡಿದೂ ಎದೆ ಬರೀ ಗೂಡಾಗಿತ್ತು. ಆ ದಿನ ವಾರ್ಡು ತುಂಬಿತ್ತು, ಜಗಲಿಯೂ ತುಂಬಿತ್ತು. ಸರ್ಕಾರಿ ಆಸ್ಪತ್ರೆಯವರೆಗೆ ಹೋಗುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ಗಾಡಿಯವರು ಅವನನ್ನು ಹೊಸ್ತಿಲಲ್ಲಿ ಇಳಿಸಿದಾಗ ಮದರ್ ಮಾಮೂಲಿನಂತೆ ಕೇಳಿದರು. ಗಾಡಿಯವರು ಮುಖ ಮುಖ ನೋಡಿಕೊಂಡರು.

"ಯಾರೂ ಇಲ್ಲ, ಮದರ್" ಎಂದಳು ಆಯಮ್ಮ. "ನಾನು ಕಂಡಿದ್ದೀನಿ. ಬೀದೀಲಿ ಸಾಣೆ ಹಿಡೀತಾನೆ."

ತಮ್ಮ ಕಣ್ಣು ತೆರೆದು ಅವಳನ್ನು ನೋಡಿದ. ಮತ್ತೆ ಕಣ್ಣು ಮುಚ್ಚಿಕೊಂಡ.

ಉಸಿರು ಸ್ವಲ್ಪ ತಿರುಗಿದ ಮೇಲೆ ನಾಲಿಗೆಯೂ ತಿರುಗಿತು. "ಏನ್ ಆಯಮ್ಮ, ನಿಮಗೆ ಒಡಹುಟ್ಟಿದವರು ಯಾರಾದ್ರೂ ಇದ್ದಾರಾ?"

"ಬಾಯಿ ಮುಚ್ಕೊಂಡು ಔಷಧಿ ಕುಡಿ."

"ಕುಡೀತೀನಿ. ಗುರುತಿಲ್ಲದವರ ಕೈಲಿ ಕುಡಿಯೋಕೆ ಭಯ, ಅಷ್ಟೇ."

ಅವಳಿಗೆ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿಕೊಂಡಳು.

ದಿನ ಹೋದಂತೆ ಅವನೂ ಇಳಿದ, ತಮಾಷೆಯೂ ಇಳಿಯಿತು. ಒಂದು ಮಧ್ಯಾಹ್ನ ಅವಳು ಬೆನ್ನು ಒರೆಸುತ್ತಿದ್ದಾಗ ಮೆಲ್ಲಗೆ ಕೇಳಿದ, "ಅಕ್ಕ, ಇಲ್ಲಿ ಸತ್ತವರನ್ನ ಅನಾಥರು ಅಂತಾನೇ ಮಣ್ಣು ಮಾಡ್ತಾರಲ್ವಾ?"

"ಹಿಂದೆ ನಾನು ಬರ್ತೀನಲ್ಲೋ."

"ನೀನು ಎಲ್ಲರ ಹಿಂದೆನೂ ಹೋಗ್ತೀಯ. ಬದುಕೆಲ್ಲ ಅಲೆದೆ. ಸಾಣೆಯವನೇ ಬಾ ಅಂದ್ರು, ಬಂದೆ. ಹೋಗು ಅಂದ್ರು, ಹೋದೆ. ಕೊನೆಗಾದ್ರೂ ಇಂಥವಳ ತಮ್ಮ ಅನ್ನಿಸ್ಕೊಂಡು ಹೋಗೋ ಆಸೆ."

"ಹೇಳಿದ್ರೆ ಮಂಚ ಹೋಗುತ್ತೆ ಕಣೋ. ನಾಳೆ ಬರೋರ ಗತಿ?"

"ಹಾಗಾದ್ರೆ ಬೇಡ ಬಿಡು" ಎಂದ. ಕೋಪವಿಲ್ಲದ ಆ ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತು.

ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವನು ಹೋದ. ಆಯಮ್ಮ ಎಲ್ಲರಿಗೂ ಮಾಡುವಂತೆಯೇ ಮೈ ತೊಳೆದಳು, ತಲೆ ಬಾಚಿದಳು. ಗುಂಡಿಯ ಬಳಿ ಪಾದ್ರಿಗಳು, "ಯಾರೂ ಇಲ್ಲದ ಈ ಬಡವನನ್ನು, ದೇವರೇ" ಎಂದು ಶುರು ಮಾಡಿದರು. ಅವಳು ಎಷ್ಟೋ ಸಲ ಕೇಳಿ, ತಲೆ ತಗ್ಗಿಸಿದ್ದ ಮಾತು.

"ನಾನಿದ್ದೀನಿ" ಎಂದಳು.

ಪಾದ್ರಿಗಳು ನಿಲ್ಲಿಸಿದರು.

"ನಾನು ಇವನ ಅಕ್ಕ. ಒಂದೇ ಹೊಟ್ಟೇಲಿ ಹುಟ್ಟಿದವರು. ಆವತ್ತು ಹೊಸ್ತಿಲಲ್ಲಿ ಸುಳ್ಳು ಹೇಳಿದೆ."

ಹೇಳಿದವಳೇ ಮಣ್ಣಿನ ಮೇಲೆ ಕುಸಿದು, ಅವನ ಹೆಸರು ಹಿಡಿದು ಕೂಗಿ ಅತ್ತಳು. ಅವನಿಗೊಂದು ಹೆಸರಿದೆಯೆಂದು ಅಲ್ಲಿದ್ದವರಿಗೆ ಗೊತ್ತಾದದ್ದೇ ಆಗ. ಮದರ್ ಕೋಲೂರಿಕೊಂಡು, ಅಳು ಮುಗಿಯುವವರೆಗೂ ಬಿಸಿಲಲ್ಲಿ ನಿಂತಿದ್ದರು. ವಾಪಸು ಬರುವಾಗ ಒಂದೇ ಮಾತು ಕೇಳಿದರು: "ನನ್ನ ಕೋಣೇಲೂ ಒಂದು ಮಂಚ ಇತ್ತಲ್ಲೇ. ಅದನ್ನ ಕೇಳಬಾರದಿತ್ತಾ?"

ಆಯಮ್ಮನಿಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಆ ಕೋಣೆ ಒರೆಸಿದ್ದಳು, ಆ ಮಂಚಕ್ಕೆ ಚಾದರ ಹಾಸಿದ್ದಳು.

ಮದರ್ ಮ್ಯಾನೇಜರನಿಗೆ ತಾವೇ ಹೇಳಿ ಕಳಿಸಿದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಮಂಚ ಒಳಗಿನ ವಾರ್ಡಿಗೆ ಹೋಯಿತು, ಅದಕ್ಕೂ ಒಂದು ನಂಬರ್ ಬಿತ್ತು. ಸಾಗಿಸುವಾಗ ಒಂದು ಕಡೆ ಹಿಡಿದವಳು ಆಯಮ್ಮನೇ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಯಾರೂ ಬೈಯಲಿಲ್ಲ. ಕಸ ಗುಡಿಸುವವಳು ಮಾತ್ರ ಕೆಣಕುವುದನ್ನೇ ಬಿಟ್ಟಳು.

ಸ್ವಲ್ಪ ದಿನಕ್ಕೆ ಯಾರೋ ಒಬ್ಬ ಮುದುಕನನ್ನು ಗೇಟಿನ ಬಳಿ ಬಿಟ್ಟು ಹೋದರು. ಕಾವಲಿನವನು ನೀರು ಕುಡಿಸಿ, ಸರ್ಕಾರಿ ಆಸ್ಪತ್ರೆಯ ದಾರಿ ತೋರಿಸಿದ. ಮುದುಕ ಗೋಡೆ ಹಿಡಿದು ನಡೆಯುತ್ತಾ, ಕೂರುತ್ತಾ, ಮತ್ತೆ ಏಳುತ್ತಾ ಹೋಗುತ್ತಿದ್ದ. ಮಹಡಿಯ ಕಿಟಕಿಯಲ್ಲಿ ಚಾದರ ಮಡಚುತ್ತಿದ್ದ ಆಯಮ್ಮ ಅದನ್ನು ಕಂಡು ಮೆಟ್ಟಿಲವರೆಗೆ ಓಡಿ ಬಂದಳು. ಕರೆತಂದರೆ ಮಲಗಿಸುವುದೆಲ್ಲಿ? ಮದರ್ ಕೋಣೆಯ ಮಂಚವನ್ನು ಯಾವ ಮುಖದಿಂದ ಕೇಳುವುದು? ಅರ್ಧ ಮಡಚಿದ ಚಾದರವನ್ನು ಎದೆಗೆ ಹಿಡಿದುಕೊಂಡು, ಇಳಿಯಲೂ ಆಗದೆ ಹಿಂದಿರುಗಲೂ ಆಗದೆ ಅಲ್ಲೇ ನಿಂತಳು.