ಕಂಡಕ್ಟರನ ಸೀಟಿ

ಎಪ್ಪತ್ತರ ದಶಕದಲ್ಲಿ ನಾನು ತರೀಕೆರೆಯ ಒಂದು ಖಾಸಗಿ ಬಸ್ಸಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ ಅವನು ಕೆಲಸ ಕೇಳಿಕೊಂಡು ಬಂದ. ಮಾತಾಡುವಾಗಲೂ ಕಣ್ಣು ಗೋಡೆ ಗಡಿಯಾರದ ಮೇಲೆ. ಕಡೂರಿನ ಬಸ್ಸಿನ ಕಂಡಕ್ಟರ್ ಕೆಲಸ ಹೋಗಿದ್ದರೂ ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು. ಹೆಂಡತಿ ಬಾಣಂತಿ, ಕೆಲಸ ಬೇಕೇ ಬೇಕಿತ್ತು.

"ಕಡೂರಿನ ಬಸ್ಸಿನ ಕೆಲ್ಸ ನಾನೇ ಬಿಟ್ಟೆ ಅಂತ ಹೇಳ್ಬಿಡು ಕಣಯ್ಯ" ಎಂದು ಬಾಗಿಲಲ್ಲೇ ಪಿಸುಗುಟ್ಟಿದೆ. ತಲೆಯಾಡಿಸಿ ಒಳಗೆ ಹೋದ.

"ಯಾಕಪ್ಪಾ ಕಿತ್ತಾಕಿದ್ರು?" ಎಂದರು ಬಸ್ಸಿನ ಒಡೆಯರಾದ ನಮ್ಮ ಸಾಹುಕಾರರು.

"ಆ ಬಸ್ಸಿನ ಸಾವ್ಕಾರ್ರನ್ನೇ ಬಿಟ್ಟು ಸೀಟಿ ಊದ್ಬಿಟ್ಟೆ, ಬುದ್ಧಿ. ಹೋಟ್ಲಲ್ಲಿ ಕಾಫಿ ಕುಡೀತಿದ್ರು. ಟೈಮಂದ್ರೆ ಟೈಮು. ಬಸ್ಸಲ್ಲಿದ್ದೋರು ರೈಲು ಹಿಡೀಬೇಕಿತ್ತು."

"ಇನ್ಮೇಲೆ ಕಾಯ್ತೀಯೋ?"

ಅವನು ಗಡಿಯಾರ ನೋಡಿದ. "ರೈಲು ಕಾಯಲ್ವಲ್ಲ, ಬುದ್ಧಿ."

ಮುಗಿಯಿತು ಎಂದುಕೊಂಡೆ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಡೂರಿನ ಸಾಹುಕಾರರಿಗೂ ಇವರಿಗೂ ಆಗುತ್ತಿರಲಿಲ್ಲ. "ನಾಳೆಯಿಂದ ಬಾ" ಎಂದರು.

ತಿಂಗಳು ತುಂಬಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಸಾಹುಕಾರರು ಅಜ್ಜಂಪುರದಿಂದ ತೆಂಗಿನಕಾಯಿ ಲಾರಿಯಲ್ಲಿ ಬಂದಿಳಿದರು, ಬಿಳಿ ಪಂಚೆಯ ತುಂಬ ನಾರು. ಅಲ್ಲಿ ಕಾಫಿಗೆಂದು ಇವನ ಬಸ್ಸಿನಿಂದ ಇಳಿದಿದ್ದರಂತೆ.

ಅವನೇ ಎದುರಿಗೆ ಹೋಗಿ ನಿಂತ. "ಟೈಮಂದ್ರೆ ಟೈಮು ಅಂತ ಅವತ್ತೇ ಹೇಳಿದ್ನಲ್ಲ, ಬುದ್ಧಿ."

ಸಾಹುಕಾರರು ಪಂಚೆಯ ನಾರನ್ನು ಒಂದೊಂದಾಗಿ ಕಿತ್ತರು. "ಹೇಳಿದ್ದೆ ಕಣೋ" ಎಂದರು ಕೊನೆಗೆ.

ಕೆಲಸ ಉಳಿಯಿತು. ಆದರೆ ಅವತ್ತಿನಿಂದ ಸಾಹುಕಾರರು ಕಾಫಿಗೆ ಇಳಿದಾಗಲೆಲ್ಲ ಅವನ ಕತ್ತಿನ ಸೀಟಿಯನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡೇ ಇಳಿಯುತ್ತಿದ್ದರು.