ಹೂಂ ಎಂದು ಕೆಡಿಸಿದ ಹೃದಯದ ಚಿತ್ರ

ಹೃದಯದ ಸ್ನಾಯು ಎಷ್ಟು ಬಿರುಸಾಗಿ ಗಟ್ಟಿಯಾಗಿದೆ ಎಂದು ಅಳೆಯುವ ಎಂಆರ್‌ಐಗೆ ನಾನು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆ ವಿಧಾನ ಇನ್ನೂ ಸಂಶೋಧನೆಯಲ್ಲಿದೆ, ಅದಕ್ಕೇ ಪುಕ್ಕಟೆ. ಖರ್ಚಾದದ್ದು ನಮ್ಮೂರು ಗಣೇಶಗುಡಿಯಿಂದ ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು, ಎರಡು ದಿನದ ವ್ಯಾಪಾರ. ಬೆಲೆಯೇ ಇಲ್ಲದ ಕಡೆ ಚೌಕಾಶಿ ಮಾಡುವುದು ಹೇಗೆಂದು ತಿಳಿಯದೆ, ಕೊನೆಗೆ ಒಂದು ಕಪ್ ಚಹಾವನ್ನಾದರೂ ಕೇಳಿ ಕುಡಿದೆ.

ಹಳೆಯ ರಾಫ್ಟ್, ಅಂದರೆ ಗಾಳಿ ತುಂಬುವ ರಬ್ಬರ್ ದೋಣಿ ಕೊಂಡು, ತೇಪೆ ಹಾಕಿ ಮಾರುವುದು ನನ್ನ ಕಸುಬು. ಅದನ್ನು ಹೊತ್ತು ನದಿಯ ದಂಡೆ ಏರುವಾಗ ಏದುಸಿರು ಬರತೊಡಗಿತ್ತು. ಹೃದಯ ಬಿರುಸಾಗಿದ್ದರೆ ಹೊರುವುದು ಬಂದ್ ಎಂದಿದ್ದರು ಡಾಕ್ಟರು. ಹೊರುವುದು ನಿಂತರೆ ಕಸುಬೂ ನಿಂತಂತೆ. ರಬ್ಬರನ್ನಾದರೆ ನಾನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಎದೆಯೊಳಗೆ ಬೆರಳು ಹೋಗದು. ಅದಕ್ಕೆ ಎದೆಯ ಮೇಲೆ ನಡುಗುವ ಬಿಲ್ಲೆಯೊಂದನ್ನು ಕಟ್ಟಿದರು. ಬಿರುಸು ಸ್ನಾಯುವಿನಲ್ಲಿ ನಡುಕ ಬೇಗ ಓಡುತ್ತದಂತೆ, ಮೆತ್ತಗಿದ್ದರೆ ನಿಧಾನ. ಆ ಓಟದ ಚಿತ್ರವನ್ನು ಯಂತ್ರ ತೆಗೆಯುತ್ತದೆ.

ಒಳಗೆ ಮಲಗಿಸಿದ ಮೇಲೆ ಕಿವಿಯಲ್ಲಿ ಯಂತ್ರ ನಡೆಸುವ ಹೆಣ್ಣುಮಗಳ ದನಿ: “ಉಸಿರು ಬಿಟ್ಟು ಹಿಡ್ಕೋರಿ.”

“ಹೂಂ ರೀ,” ಅಂದೆ. ಚಿತ್ರ ಕೆಟ್ಟಿತು.

ಮತ್ತೆ ಹೇಳಿದಳು. “ಹಿಡದೇನ್ರಿ,” ಅಂದೆ. ಮತ್ತೆ ಕೆಟ್ಟಿತು. ಏನು ಮಾಡಲಿ, ನಮ್ಮ ಕಡೆ ಯಾರಾದರೂ ‘ರೀ’ ಹಚ್ಚಿ ಮಾತಾಡಿಸಿದರೆ ಉತ್ತರ ಕೊಡದೆ ಬಿದ್ದಿರುವುದು ಸೊಕ್ಕು.

“ಯಜಮಾನ್ರ, ಮಾತಾಡಿದ್ರ ಉಸಿರು ಹೋಗತೈತಿ. ಇನ್ನೊಂದ ಸಲ ನೋಡ್ತೇನಿ, ಅಷ್ಟ.”

ಅವಳ ಹಿಂದೆ ನಿಂತಿದ್ದ ನನ್ನ ಹೆಂಡತಿಯ ದನಿಯೂ ಕೇಳಿಸಿತು: “ಮೂವತ್ತ ವರ್ಷದಾಗ ನನ್ನ ಮಾತಿಗೆ ಒಮ್ಮೆ ಹೂಂ ಅಂದಿಲ್ಲ ನೋಡವಾ. ನಿಮ್ಮ ಮಷೀನಿಗೆ ಮಾತ್ರ ತಪ್ಪದ ಅಂತಾರ.”

ಸಿಟ್ಟಿನಿಂದ ಬಾಯಿ ಬಿಗಿದೆ. ಅಷ್ಟರಲ್ಲಿ ಯಂತ್ರದ ಹೆಣ್ಣುಮಗಳು ಉಸಿರು ಹಿಡಿಯಲು ಹೇಳಿದಳು. ಆ ಸಿಟ್ಟಿನಲ್ಲೇ ಚಿತ್ರ ಚೆಂದ ಬಂತು.

ಉಳಿದ ಪರೀಕ್ಷೆಗಳನ್ನೂ ಜೊತೆಗಿಟ್ಟು ನೋಡಿ ಡಾಕ್ಟರು ಹೇಳಿದರು: “ಭಾಳ ಬಿರುಸಾಗಿಲ್ರಿ. ಬಿಪಿ ಗುಳಿಗಿ ತಪ್ಪಿಸಬ್ಯಾಡ್ರಿ. ರಾಫ್ಟ್ ಒಬ್ಬರ ಹೊರಬ್ಯಾಡ್ರಿ.”

“ಸಣ್ಣದಿದ್ರ?”

“ಸಣ್ಣದಿದ್ರೂ ಇಬ್ಬರ.”

“ಗಾಳಿ ಬಿಟ್ಟಿದ್ರ?”

ಅವರು ಚೀಟಿ ಬರೆದರು. ಈಗ ಇನ್ನೊಂದು ತುದಿಯನ್ನು ಹೆಂಡತಿಯೇ ಹಿಡಿಯುತ್ತಾಳೆ.

ನಿಮಗೂ ದಿಬ್ಬ ಏರುವಾಗ ಏದುಸಿರು ಬರುತ್ತಿದ್ದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ, ತೋರಿಸಿಕೊಳ್ಳಿ. ಮೈಯೊಳಗೆ ಲೋಹದ ಚೂರಿದ್ದರೆ ಯಂತ್ರದ ಬಾಗಿಲಲ್ಲೇ ಹೇಳಿ. ಉಂಗುರ, ಉಡದಾರ ಮನೆಯಲ್ಲೇ ಬಿಚ್ಚಿಡಿ. ಹೋಗುವ ಮುನ್ನ ನಾಲ್ಕು ದಿನ, ಮನೆಯವರು ‘ಉಸಿರು ಹಿಡ್ಕೋರಿ’ ಎಂದಾಗ ಉತ್ತರ ಕೊಡದೆ ಸುಮ್ಮನಿರುವುದನ್ನು ಕಲಿಯಿರಿ. ಸೊಕ್ಕು ಅಂದರೆ ಅನ್ನಲಿ.