ಕಿಟಕಿಯಿಲ್ಲದ ಗೋಡೆಯ ಜಪಾನಿ ಚಿತ್ರ

ಯಾವ ಮಾಲನ್ನಾದರೂ ಕೊಳ್ಳುವ ಮುಂಚೆ ತಿರುಗಿಸಿ ಬೆನ್ನು ನೋಡಿ. ಕುವೈತಿನ ಶುವೈಖ್‌ನಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಮಾರುತ್ತ ನಾನು ಕಲಿತ ಮೊದಲ ಪಾಠ ಅದು. ತೊಂಬತ್ತರ ಬೇಸಿಗೆಯ ಆರಂಭದಲ್ಲಿ, ನಮ್ಮ ಗಿರಾಕಿಯಾಗಿದ್ದ ಜಪಾನಿ ಇಂಜಿನಿಯರೊಬ್ಬರು ಊರಿಗೆ ಮರಳುವ ಮುನ್ನ ಮನೆಸಾಮಾನು ಮಾರುತ್ತಿದ್ದರು. ನಾನೂ ಹೆಂಡತಿಯೂ ಹೋದದ್ದು ಅವರ ವಾಷಿಂಗ್ ಮೆಷಿನ್ ನೋಡಲು. ಅವಳ ಕಣ್ಣು ಬಿದ್ದದ್ದು ಒಂದು ಚಿತ್ರದ ಮೇಲೆ.

ಮರದ ಅಚ್ಚಿನಿಂದ ಕಾಗದದ ಮೇಲೆ ಮೂಡಿಸಿದ ಚಿತ್ರ. ದಡಕ್ಕೆ ಎಳೆದಿಟ್ಟ ಮೂರು ದೋಣಿ, ಸೊಂಟಕ್ಕೆ ಬುಟ್ಟಿ ಏರಿಸುತ್ತಿರುವ ಹೆಂಗಸು, ನೀಲಿ ಕಡಲು, ಆಕಾಶದ ಅಂಚಿನಲ್ಲಿ ತೆಳುವಾದ ಗುಲಾಬಿ.

“ನಮ್ಮ ಮಲ್ಪೆಯ ಹಾಗೇ ಉಂಟಲ್ಲ ಮಾರಾಯ್ರೆ! ಇದು ನಂಗೆ ಬೇಕು.”

ಹವಲ್ಲಿಯ ಫ್ಲ್ಯಾಟಿಗೆ ಬಂದು ಆರು ವರ್ಷವಾಗಿತ್ತು. ಮನೆಗೆಂದು ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅದನ್ನು ಕೊಳ್ಳದೆ ಮರಳುವ ಧೈರ್ಯ ನನಗಿರಲಿಲ್ಲ.

ಅಭ್ಯಾಸದಂತೆ ಚಿತ್ರ ತಿರುಗಿಸಿದೆ. ಬಣ್ಣ ಹಿಂದಕ್ಕೆ ಇಳಿದಿತ್ತು, ಉಜ್ಜಿದ ಗುರುತುಗಳೂ ಇದ್ದವು. “ಡ್ಯಾಮೇಜ್ ಮಾಲು,” ಎಂದೆ. ಅವರು ವಾದಿಸದೆ ಬೆಲೆಯನ್ನು ಅರ್ಧಕ್ಕೆ ಇಳಿಸಿ, ಆಮೇಲೆ ನಕ್ಕರು. ಅಚ್ಚಿನ ಮೇಲೆ ಕಾಗದವಿಟ್ಟು ಬೆನ್ನನ್ನು ಕೈಯಿಂದಲೇ ಉಜ್ಜುತ್ತಾರಂತೆ. ನಾನು ದೋಷವೆಂದು ತೋರಿಸಿದ್ದು ಅಸಲಿ ಮಾಲಿನ ಗುರುತು! ನೀವೂ ಕೊಳ್ಳುವಾಗ ಅದನ್ನೇ ಹುಡುಕಿ.

“ಬೆಲೆ ಆಯಿತು. ಯಾವ ಗೋಡೆಗೆ ಹಾಕುತ್ತೀರಿ?” ಎಂದು ಅರೆಬರೆ ಇಂಗ್ಲಿಷಿನಲ್ಲಿ ಕೇಳಿದರು.

ಹಾಲ್‌ನಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಎಂದೆ. ಗೋಡೆ ನೋಡದೆ ಕೊಡುವುದಿಲ್ಲ ಎಂದರು.

ಮರುದಿನ ಮಧ್ಯಾಹ್ನ ಚಿತ್ರ ಹಿಡಿದುಕೊಂಡು ಬಂದೇಬಿಟ್ಟರು. ನಮ್ಮ ಹಾಲ್‌ನ ಗೋಡೆಯ ತುಂಬ ಬಿಸಿಲು.

“ಎರಡು ವರ್ಷ. ಗುಲಾಬಿ ಖಲಾಸ್,” ಎಂದು ಬಾಗಿಲ ಕಡೆ ತಿರುಗಿದರು.

ದಪ್ಪ ಪರದೆ ಹಾಕಿಸುತ್ತೇನೆಂದೆ. ಜಗ್ಗಲಿಲ್ಲ. ಚೌಕಾಸಿಯಲ್ಲಿ ಬೆಲೆ ಇಳಿಸುವವರನ್ನು ನಾನು ಬಲ್ಲೆ. ಮಾರುವುದೇ ಇಲ್ಲ ಎನ್ನುವವರ ಎದುರು ನನ್ನ ವಿದ್ಯೆ ನಡೆಯಲಿಲ್ಲ.

“ನಿಮ್ಮ ವ್ಯಾಪಾರ ಸಾಕು, ಸ್ವಲ್ಪ ಆಚೆ ಸರೀರಿ,” ಎಂದು ನನಗೆ ಹೇಳಿ ಹೆಂಡತಿ ಅವರನ್ನು ಅಡುಗೆಮನೆಗೆ ಹೋಗುವ ಓಣಿಯಂಥ ಪ್ಯಾಸೇಜಿಗೆ ಕರೆದೊಯ್ದಳು. ಅಲ್ಲಿ ಕಿಟಕಿಯೇ ಇಲ್ಲ. ಅವರ ಮುಖ ಅರಳಿತು.

“ಅಲ್ಲಿ ಹಾಕಿದ್ರೆ ಯಾರು ನೋಡುದು?” ಎಂದೆ.

“ಬಂದವರಿಗೆ ತೋರಿಸ್ಲಿಕ್ಕೆ ನಿಮ್ಮ ಟಿ.ವಿ. ಉಂಟಲ್ಲ! ದಿನಕ್ಕೆ ನಲವತ್ತು ಸಲ ಇಲ್ಲಿ ಓಡಾಡುವವಳು ನಾನು.”

ಮೀನು ಹುರಿಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿರಬೇಕೆಂಬ ಷರತ್ತಿನ ಮೇಲೆ ಚಿತ್ರ ನಮ್ಮದಾಯಿತು. ಫ್ರೇಮಿನವನಿಗೆ ಅಂಚು ಕತ್ತರಿಸಬೇಡ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟು ಕೊಡು ಎಂದು ಹೇಳಿ, ಎದುರು ನಿಂತು ಮಾಡಿಸಿದೆ. ನೀವೂ ನಿಂತೇ ಮಾಡಿಸಿ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ನಾವು ರಜೆಗೆಂದು ಊರಿನಲ್ಲಿದ್ದೆವು. ತೊಂಬತ್ತೊಂದರ ಕೊನೆಗೆ ಮರಳಿ ಬಂದರೆ ಬೀಗ ಒಡೆದಿತ್ತು. ಟಿ.ವಿ. ಇಲ್ಲ, ಸೋಫಾ ಇಲ್ಲ, ಹಾಲ್‌ನ ಗೋಡೆ ಗಡಿಯಾರವೂ ಇಲ್ಲ. ಹೆಂಡತಿ ನೇರ ಪ್ಯಾಸೇಜಿಗೆ ನಡೆದಳು. ಆ ಕತ್ತಲಲ್ಲಿ ಕಳ್ಳರಿಗೆ ಕಾಣಲಿಲ್ಲವೋ, ಕಂಡರೂ ಬೇಡವಾಯಿತೋ, ಚಿತ್ರ ಅಲ್ಲೇ ಇತ್ತು. ಸೆರಗಿನಿಂದ ಗಾಜಿನ ಧೂಳು ಒರೆಸಿದಳು. ಟಾರ್ಚ್ ಹಿಡಿದೆ. ಗುಲಾಬಿ ಹಾಗೇ ಇತ್ತು.

“ಇನ್ನು ಟಿ.ವಿ. ತಂದ್ರೆ ಅದನ್ನೂ ಇಲ್ಲೇ ಇಡುವ, ಆಯ್ತಾ?” ಎಂದು ನಕ್ಕಳು.